ಲೂಕಾನನ್ನು ಬಿಟ್ಟು ಹೇಳಿ: ಸ್ಯಾಕ್ರಮೆಂಟೊ ಕಿಂಗ್ಸ್‌ನ ಅತಿ ಕೆಟ್ಟ ಡ್ರಾಫ್ಟ್ ಆಯ್ಕೆ ಯಾವುದು?

ವಡಾಲಾ_ಬೆಂಚ್:

ಇಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ನೋಡುವವರು ಕೆಲವರಾದರೂ ಇದ್ದೀರಿ ಅಂತ ನಂಬಿಕೊಂಡು ಕೇಳುತ್ತಿದ್ದೇನೆ. ನಮ್ಮ ಭಾನುವಾರದ ಗುಂಪಿನಲ್ಲಿ ಈ ಜಗಳ ಬಗೆಹರಿಯುತ್ತಲೇ ಇಲ್ಲ. ಆಡುವುದು ಸ್ವಲ್ಪ ಹೊತ್ತು, ಆಮೇಲೆ ಮಾಟುಂಗಾದಲ್ಲಿ ಇಡ್ಲಿ ಮುಂದಿಟ್ಟುಕೊಂಡು ಕಿತ್ತಾಡುವುದೇ ಜಾಸ್ತಿ.

ವಿಷಯ ಇಷ್ಟೇ. ಕಿಂಗ್ಸ್‌ನವರು ಇಷ್ಟು ವರ್ಷಗಳಲ್ಲಿ ಡ್ರಾಫ್ಟ್‌ನಲ್ಲಿ ಮಾಡಿದ ಎಡವಟ್ಟುಗಳಲ್ಲಿ ದೊಡ್ಡದು ಯಾವುದು?

ಕಿಂಗ್ಸೇ ಯಾಕೆ ಅಂದರೆ, ಮುಂಬೈಯವರಿಗೆ ಅದು ಅರ್ಧ ಸ್ವಂತ ಟೀಮ್. ಮಾಲೀಕ ವಿವೇಕ್ ರಣದಿವೆ ಇದೇ ಊರಿನಲ್ಲಿ ಹುಟ್ಟಿದವರು, 2013ರಲ್ಲಿ ಟೀಮ್ ಕೊಂಡರು. ಭಾರತದಲ್ಲಿ ಮೊದಲ ಸಲ ಎನ್‌ಬಿಎ ಮ್ಯಾಚ್ ಆದಾಗ, 2019ರ ಅಕ್ಟೋಬರ್‌ನಲ್ಲಿ, ವರ್ಲಿಯ ಡೋಮ್‌ಗೆ ಬಂದು ಆಡಿದ್ದೂ ಇವರೇ. ಆ ಎರಡು ದಿನದ ಮೋಹಕ್ಕೆ ಬಿದ್ದು ಅಭಿಮಾನಿಗಳಾದವರು ನಮ್ಮ ಗುಂಪಿನಲ್ಲೇ ಮೂರ್ನಾಲ್ಕು ಜನ ಇದ್ದಾರೆ, ಪಾಪ.

ಹೊಸಬರಿಗೆ ಒಂದು ಮಾತು. ಸೋತ ಟೀಮ್‌ಗಳಿಗೆ ಮುಂದಿನ ವರ್ಷದ ಹೊಸ ಹುಡುಗರನ್ನು ಮೊದಲು ಆರಿಸುವ ಅವಕಾಶ ಸಿಗುತ್ತದೆ. ಅದೇ ಡ್ರಾಫ್ಟ್, ಅದರಲ್ಲಿ ಒಂದೊಂದು ಸರದಿಯೂ ಒಂದು ಪಿಕ್. ಪ್ಲೇಆಫ್‌ಗೆ, ಅಂದರೆ ಸೀಸನ್ ಕೊನೆಯ ಚಾಂಪಿಯನ್ ತೀರ್ಮಾನದ ಸುತ್ತುಗಳಿಗೆ, ಹೋಗದ 14 ಟೀಮ್‌ಗಳ ನಡುವೆ ಲಾಟರಿ ಎತ್ತುತ್ತಾರೆ, ಹೆಚ್ಚು ಸೋತವರಿಗೆ ಅದೃಷ್ಟ ಜಾಸ್ತಿ. ಕಿಂಗ್ಸ್‌ನವರು 2006-07ರಿಂದ 2021-22ರವರೆಗೆ ಸತತ 16 ಸೀಸನ್ ಪ್ಲೇಆಫ್ ಮುಖ ನೋಡಲಿಲ್ಲ. ಎನ್‌ಬಿಎ ಇತಿಹಾಸದಲ್ಲಿ ಇಷ್ಟು ದೊಡ್ಡ ಬರ ಬೇರೆ ಯಾರಿಗೂ ಬಂದಿಲ್ಲ. ಅಂದರೆ ಹೆಚ್ಚುಕಡಿಮೆ ಪ್ರತಿ ವರ್ಷ ಒಳ್ಳೆ ಪಿಕ್ ಕೈಗೆ ಬರುತ್ತಿತ್ತು. ಆದರೂ ಉದ್ಧಾರ ಆಗಲಿಲ್ಲ!

ಎರಡು ಷರತ್ತು. 2018ರಲ್ಲಿ ಲೂಕಾ ಡಾನ್ಚಿಚ್‌ನನ್ನು ಬಿಟ್ಟ ಕಥೆ ಬೇಡ, ಅದು ಎಲ್ಲರಿಗೂ ಬಾಯಿಪಾಠ ಆಗಿದೆ. ಇನ್ನೊಂದು, ಮುಂದೆ ದೊಡ್ಡ ಸ್ಟಾರ್ ಆದ ಯೋಕಿಚ್ ಥರದವರನ್ನು ತರಬೇಡಿ. 2014ರಲ್ಲಿ ಅವನು ಹೋಗಿದ್ದು 41ನೇ ನಂಬರಿಗೆ, ಅವನನ್ನು ಎಲ್ಲರೂ ಬಿಟ್ಟಿದ್ದರು.

ನನ್ನ ವೋಟು 2012ಕ್ಕೆ. 5ನೇ ಪಿಕ್‌ನಲ್ಲಿ ಥಾಮಸ್ ರಾಬಿನ್ಸನ್. 6ನೇ ಪಿಕ್‌ನಲ್ಲಿ ಪೋರ್ಟ್‌ಲೆಂಡ್‌ನವರು ಡೇಮಿಯನ್ ಲಿಲ್ಲಾರ್ಡ್‌ನನ್ನು ಎತ್ತಿಕೊಂಡು ಹೋದರು. ಲಿಲ್ಲಾರ್ಡ್ ಮೊದಲ ವರ್ಷವೇ ರೂಕಿ ಆಫ್ ದಿ ಇಯರ್ (ವರ್ಷದ ಹೊಸ ಆಟಗಾರ), ಅದೂ ಎಲ್ಲರ ವೋಟು ಪಡೆದು. ರಾಬಿನ್ಸನ್‌ನನ್ನು ಮೊದಲ ಸೀಸನ್ ಮುಗಿಯುವ ಮೊದಲೇ, 2013ರ ಫೆಬ್ರವರಿಯಲ್ಲಿ, ಹ್ಯೂಸ್ಟನ್‌ಗೆ ಸಾಗಹಾಕಿದರು. ಐದನೇ ನಂಬರಿನ ಹುಡುಗನಿಗೆ ಒಂದು ವರ್ಷ ತಾಳ್ಮೆಯೂ ಇಲ್ಲ. ಇದಕ್ಕಿಂತ ಕೆಟ್ಟದ್ದು ಇದ್ದರೆ ಹೇಳಿ.

ಡೊಂಬಿವಲಿ_ಸ್ಲೋ:

ಲೂಕಾನನ್ನು ಬಿಟ್ಟು ಹೇಳಿ ಅಂದರೆ ಹೇಗೆ ಮಾರಾಯ್ರೆ? ಪ್ರಶ್ನೆಯ ಉತ್ತರವನ್ನೇ ತೆಗೆದಿಟ್ಟು ಪ್ರಶ್ನೆ ಕೇಳಿದ್ದೀರಿ. ನಾನು ಷರತ್ತು ಮುರಿಯುತ್ತೇನೆ, ಬೇಕಾದರೆ ಬ್ಯಾನ್ ಮಾಡಿ.

ಎಲ್ಲರಿಗೂ ಬಾಯಿಪಾಠ ಅಂದಿರಲ್ಲ, ಬಾಯಿಪಾಠ ಇರುವುದು ಕೊನೆಯ ಸಾಲು ಮಾತ್ರ. ಪೂರ್ತಿ ಕಥೆ ಇನ್ನೂ ಕೆಟ್ಟದ್ದು. ಆ ವರ್ಷ ಕಿಂಗ್ಸ್ 27 ಗೆದ್ದು 55 ಸೋತಿದ್ದರು, ಲಾಟರಿಯಲ್ಲಿ 7ನೇ ಜಾಗ. ಅಲ್ಲಿಂದ ಹಾರಿ 2ನೇ ಪಿಕ್ ಬಂತು. ಅವರಿಗಿಂತ ಜಾಸ್ತಿ ಸೋತಿದ್ದ ಡಲ್ಲಾಸ್ 5ಕ್ಕೆ ಜಾರಿತು. ದೇವರೇ ಬಂದು ಬಾಗಿಲು ತಟ್ಟಿದ ಅಂತಾರಲ್ಲ, ಅಷ್ಟಾಗಿತ್ತು. ಫೀನಿಕ್ಸ್ ಮೊದಲನೆಯದಾಗಿ ಏಟನ್‌ನನ್ನು ತೆಗೆದುಕೊಂಡಿತು. ಲೂಕಾ ಇನ್ನೂ ಅಲ್ಲೇ ಕೂತಿದ್ದ. ಇವರು ಮಾರ್ವಿನ್ ಬ್ಯಾಗ್ಲಿ ಅಂದರು.

ಅಟ್ಲಾಂಟಾದವರು 3ನೇ ಪಿಕ್‌ನಲ್ಲಿ ಲೂಕಾನನ್ನು ತೆಗೆದು, ಅಲ್ಲೇ ಡಲ್ಲಾಸ್‌ಗೆ ಕೊಟ್ಟು, ಟ್ರೇ ಯಂಗ್ ಜೊತೆ ಮುಂದಿನ ವರ್ಷದ ಒಂದು ಪಿಕ್ಕನ್ನೂ ಪಡೆದರು. ಗಮನಿಸಿ. ಐದಕ್ಕೆ ಜಾರಿದ ಡಲ್ಲಾಸ್‌ನವರು ಇನ್ನೊಂದು ಪಿಕ್ ತೆತ್ತು ಮೇಲೆ ಬಂದು ಅವನನ್ನು ಪಡೆದರು. ಎರಡಕ್ಕೆ ಹಾರಿದವರಿಗೆ ಪುಕ್ಕಟೆ ಸಿಗುತ್ತಿತ್ತು, ಬೇಡ ಅಂದರು.

ಈಗ ‘ಆಗ ಯಾರಿಗೆ ಗೊತ್ತಿತ್ತು’ ಅನ್ನಬೇಡಿ. ಎಲ್ಲರಿಗೂ ಗೊತ್ತಿತ್ತು. ಆ ಮೇ ತಿಂಗಳಲ್ಲಿ ಲೂಕಾನ ಕ್ಲಬ್ ರಿಯಲ್ ಮ್ಯಾಡ್ರಿಡ್ ಯುರೋಪಿನ ದೊಡ್ಡ ಕ್ಲಬ್ ಟೂರ್ನಿ ಯುರೋಲೀಗ್ ಗೆದ್ದಿತ್ತು, ಸೀಸನ್ನಿನ ಎಂವಿಪಿ (ಶ್ರೇಷ್ಠ ಆಟಗಾರ) 19 ವರ್ಷದ ಲೂಕಾ. ಅಷ್ಟು ಸಣ್ಣ ವಯಸ್ಸಿಗೆ ಆ ಪ್ರಶಸ್ತಿ ಮೊದಲು ಯಾರಿಗೂ ಬಂದಿರಲಿಲ್ಲ. ಅದರ ಹಿಂದಿನ ವರ್ಷ ಅವನ ದೇಶ ಸ್ಲೊವೇನಿಯಾ ಯುರೋಪಿಯನ್ ಚಾಂಪಿಯನ್, ಫೈನಲ್‌ನಲ್ಲಿ ಸೋತದ್ದು ಸೆರ್ಬಿಯಾ. ಕಿಂಗ್ಸ್‌ನ ಜನರಲ್ ಮ್ಯಾನೇಜರ್ ಯಾರು? ವ್ಲಾಡೆ ಡಿವಾಚ್. ಸೆರ್ಬಿಯಾದವರು, ಯುರೋಪಿನಿಂದ ಎನ್‌ಬಿಎಗೆ ಬಂದ ಮೊದಲ ತಲೆಮಾರಿನ ಆಟಗಾರ. ಇಡೀ ಲೀಗಿನಲ್ಲಿ ಯುರೋಪಿನ ಹುಡುಗನ ಬೆಲೆ ಯಾರಿಗಾದರೂ ಗೊತ್ತಿರಬೇಕಾದರೆ ಅವರಿಗೆ ಗೊತ್ತಿರಬೇಕಿತ್ತು. ಅದಕ್ಕೇ ಹೊಟ್ಟೆ ಉರಿಯುವುದು. ಗೊತ್ತಿಲ್ಲದವರು ಮಾಡಿದ್ದರೆ ಕ್ಷಮಿಸಬಹುದಿತ್ತು.

ಮಳೆಗಾಲದ ಬೆಳಗಿನ ಜಾವ ಎದ್ದು ಮೊಬೈಲ್ ಹಿಡಿದು ಕೂತವನು ನಾನು. ಆ ಹೆಸರು ಕೇಳಿದ ಮೇಲೆ ಮತ್ತೆ ನಿದ್ದೆ ಬರಲಿಲ್ಲ, ಸುಮ್ನೆ ಒಂದು ಲೋಕಲ್ ಮುಂಚೆಯೇ ಹತ್ತಿ ಆಫೀಸಿಗೆ ಹೋದೆ. ಕೂರುವ ಜಾಗ ಸಿಕ್ಕಿತು, ಬ್ಯಾಗ್ಲಿಯಿಂದ ನನಗೆ ಆದ ಲಾಭ ಅಷ್ಟೇ.

ಕೊಥ್ರೂಡ್_ಸಿಕ್ಸ್ತ್‌ಮ್ಯಾನ್:

ಪುಣೆಯಿಂದ ಒಂದು ವಿರುದ್ಧ ಮಾತು. ಬೈಯುವ ಮೊದಲು ಪೂರ್ತಿ ಓದಿ.

ಬ್ಯಾಗ್ಲಿ ಆಯ್ಕೆ ಆ ದಿನದ ಲೆಕ್ಕದಲ್ಲಿ ಹುಚ್ಚು ಆಯ್ಕೆ ಆಗಿರಲಿಲ್ಲ. ಡ್ಯೂಕ್ ಕಾಲೇಜಿನಲ್ಲಿ ಮ್ಯಾಚಿಗೆ 21 ಪಾಯಿಂಟ್, 11 ರೀಬೌಂಡ್ (ಗುರಿ ತಪ್ಪಿದ ಚೆಂಡು ಹಿಡಿಯುವುದು). ಡ್ಯೂಕ್ ಆಡುವ ಎಸಿಸಿ ಕಾಲೇಜು ಲೀಗಿನಲ್ಲಿ ವರ್ಷದ ಆಟಗಾರನೂ ಅವನೇ, ವರ್ಷದ ಹೊಸ ಆಟಗಾರನೂ ಅವನೇ. ಕಿಂಗ್ಸ್ ಅದರ ಹಿಂದಿನ ವರ್ಷವಷ್ಟೇ ಡಿಆರನ್ ಫಾಕ್ಸ್‌ನನ್ನು ತೆಗೆದುಕೊಂಡಿದ್ದರು. ಇಬ್ಬರ ಕೈಯಲ್ಲೂ ಚೆಂಡು ಬೇಕು, ಚೆಂಡು ಒಂದೇ. ಹೀಗೆ ಯೋಚಿಸಿದ್ದು ತಪ್ಪೇ ಇರಬಹುದು, ಆದರೆ ಯೋಚನೆ ಅಂತ ಒಂದಿತ್ತು. ಲೂಕಾನನ್ನು ಬಿಟ್ಟವರು ಇವರೊಬ್ಬರೇ ಅಲ್ಲ. ಫೀನಿಕ್ಸ್‌ಗೆ ಆಗಷ್ಟೇ ಕೋಚ್ ಆಗಿ ಬಂದಿದ್ದ ಇಗೋರ್ ಕೊಕೊಶ್ಕೋವ್, ಸ್ಲೊವೇನಿಯಾಕ್ಕೆ ಯುರೋಪಿಯನ್ ಕಪ್ ಗೆದ್ದುಕೊಟ್ಟ ಕೋಚ್. ಲೂಕಾನನ್ನು ಅವರಿಗಿಂತ ಹತ್ತಿರದಿಂದ ನೋಡಿದವರು ಯಾರು? ಆ ಟೀಮೇ ಅವನನ್ನು ತೆಗೆದುಕೊಳ್ಳಲಿಲ್ಲ ಅಲ್ವಾ?

ಬ್ಯಾಗ್ಲಿ ಮೊದಲ ವರ್ಷ 14.9 ಪಾಯಿಂಟ್, 7.6 ರೀಬೌಂಡ್ ಮಾಡಿ ರೂಕಿಗಳ ಮೊದಲ ಟೀಮಿನಲ್ಲಿ ಜಾಗ ಪಡೆದ. ಅದೂ ಹೆಚ್ಚು ಮ್ಯಾಚ್‌ಗಳಲ್ಲಿ ಬೆಂಚಿನಿಂದ ಎದ್ದು ಬಂದು. ಎರಡನೇ ವರ್ಷದ ಮೊದಲ ಮ್ಯಾಚಿನಲ್ಲೇ ಹೆಬ್ಬೆರಳು ಮುರಿಯಿತು, ಆಮೇಲೆ ಪಾದದ ನೋವು. ಆ ಸೀಸನ್ ಆಡಿದ್ದು ಬರೀ 13 ಮ್ಯಾಚ್. ಹೆಬ್ಬೆರಳು ಮುರಿಯುತ್ತದೆ ಅಂತ ಡಿವಾಚ್ ಕವಡೆ ಹಾಕಿ ನೋಡಬೇಕಿತ್ತಾ?

ನನ್ನ ಲೆಕ್ಕ ಬೇರೆ. ಆಯ್ಕೆ ಕೆಟ್ಟದಾಗುವುದು ಆ ರಾತ್ರಿ ಅಲ್ಲ, ಆಮೇಲೆ. ಸ್ಟೌಸ್ಕಸ್‌ನನ್ನೇ ನೋಡಿ. 2014ರಲ್ಲಿ 8ನೇ ಪಿಕ್, ಮಿಶಿಗನ್ ಕಾಲೇಜಿನಲ್ಲಿ ಒಳ್ಳೆ ಶೂಟರ್. ಅವನ ಮೊದಲ ಸೀಸನ್ನಿನಲ್ಲೇ ಕಿಂಗ್ಸ್‌ಗೆ ಮೂರು ಕೋಚ್. ಮೈಕ್ ಮೆಲೋನ್‌ರನ್ನು ಡಿಸೆಂಬರಿನಲ್ಲಿ ತೆಗೆದರು, ಟೈರೋನ್ ಕಾರ್ಬಿನ್ ಬಂದರು, ಅವರೂ ಹೋಗಿ ಜಾರ್ಜ್ ಕಾರ್ಲ್ ಬಂದರು. 21 ವರ್ಷದ ಹುಡುಗನಿಗೆ ಡಿಫೆನ್ಸ್‌ನಲ್ಲಿ ಎಲ್ಲಿ ನಿಲ್ಲಬೇಕು ಅಂತ ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಬಂದು ಅಳಿಸುತ್ತಾರೆ. ವರ್ಷ ಮುಗಿದ ಮೇಲೆ ಅವನನ್ನೇ ಕೊಟ್ಟುಬಿಟ್ಟರು. ಮೆಲೋನ್ ಡೆನ್ವರ್‌ಗೆ ಹೋಗಿ 2023ರಲ್ಲಿ ಚಾಂಪಿಯನ್ ಆದರು. ಹಾಗಾದರೆ ತಪ್ಪು ಡ್ರಾಫ್ಟ್‌ನದಾ, ಆಫೀಸಿನದಾ?

ನಾಗಪಾಡಾ_ನೋಲುಕ್:

ಕೊಥ್ರೂಡ್ ಅಣ್ಣ ಸ್ಟೌಸ್ಕಸ್ ಹೆಸರು ತೆಗೆದರು, ಈಗ ನನ್ನ ಸರದಿ. ‘ಅವನನ್ನೇ ಕೊಟ್ಟುಬಿಟ್ಟರು’ ಅಂತ ಒಂದು ಸಾಲಿನಲ್ಲಿ ದಾಟಿಸಿಬಿಟ್ಟಿರಿ. ಆ ಸಾಲಿನಲ್ಲೇ ಇರುವುದು ಕಿಂಗ್ಸ್‌ನ ಇತಿಹಾಸದ ಅತಿ ಕೆಟ್ಟ ಡ್ರಾಫ್ಟ್ ತೀರ್ಮಾನ. ಅದು ಆಯ್ಕೆ ಅಲ್ಲ, ಟ್ರೇಡ್ (ಟೀಮ್‌ಗಳ ನಡುವಿನ ಕೊಡುಕೊಳ್ಳುವಿಕೆ) ಅಂತ ವಾದ ಮಾಡಬೇಡಿ, ಡ್ರಾಫ್ಟ್ ಹಕ್ಕನ್ನೇ ಮಾರಿದ್ದು ಆಯ್ಕೆಗಿಂತ ದೊಡ್ಡ ತಪ್ಪು.

2015ರ ಜುಲೈ. ಡಿವಾಚ್ ಕುರ್ಚಿಯಲ್ಲಿ ಕೂತು ಇನ್ನೂ ಕುರ್ಚಿ ಬಿಸಿಯಾಗಿರಲಿಲ್ಲ. ಫ್ರೀ ಏಜೆಂಟ್‌ಗಳನ್ನು, ಅಂದರೆ ಕಾಂಟ್ರಾಕ್ಟ್ ಮುಗಿದ ಆಟಗಾರರನ್ನು, ಕರೆತರಲು ಸಂಬಳದ ಮಿತಿಯೊಳಗೆ ಜಾಗ ಬೇಕಿತ್ತು. ಅದಕ್ಕೆ ಫಿಲಡೆಲ್ಫಿಯಾಗೆ ಏನೇನು ಕೊಟ್ಟರು ನೋಡಿ: ಸ್ಟೌಸ್ಕಸ್, ಕಾರ್ಲ್ ಲ್ಯಾಂಡ್ರಿ, ಜೇಸನ್ ಥಾಂಪ್ಸನ್, ಮುಂದಿನ ಒಂದು ಮೊದಲ ಸುತ್ತಿನ ಪಿಕ್, ಅದರ ಮೇಲೆ ಎರಡು ವರ್ಷ ಪಿಕ್ ಅದಲುಬದಲು ಮಾಡಿಕೊಳ್ಳುವ ಹಕ್ಕು. ಬದಲಿಗೆ ಬಂದದ್ದು ಯುರೋಪಿನ ಇಬ್ಬರು ಹುಡುಗರ ಹಕ್ಕು, ಇಬ್ಬರೂ ಕಿಂಗ್ಸ್‌ಗೆ ಒಂದು ಮ್ಯಾಚ್ ಆಡಲಿಲ್ಲ. ಉಳಿಸಿದ ದುಡ್ಡಿನಲ್ಲಿ ರೋಂಡೊ, ಕುಫೊಸ್, ಬೆಲಿನೆಲ್ಲಿ ಬಂದರು. ರೋಂಡೊ ಒಂದೇ ವರ್ಷ ಇದ್ದು ಹೋದರು.

ಈಗ ಬಡ್ಡಿ ಲೆಕ್ಕ. 2017ರ ಲಾಟರಿಯಲ್ಲಿ ಕಿಂಗ್ಸ್‌ಗೆ 3ನೇ ಜಾಗ ಬಂತು. ಫಿಲಡೆಲ್ಫಿಯಾದವರು ಹಕ್ಕು ಚಲಾಯಿಸಿ ತಮ್ಮ 5 ಕೊಟ್ಟು 3 ತೆಗೆದುಕೊಂಡರು. ಆ 3ನ್ನು, ಜೊತೆಗೆ ಮುಂದಿನ ಒಂದು ಪಿಕ್ಕನ್ನೂ ಬಾಸ್ಟನ್‌ಗೆ ಕೊಟ್ಟು 1ನೇ ಪಿಕ್ ಪಡೆದರು. ಬಾಸ್ಟನ್ ಆ ಮೂರರಲ್ಲಿ ತೆಗೆದದ್ದು ಜೇಸನ್ ಟೇಟಮ್‌ನನ್ನು. 2024ರ ಚಾಂಪಿಯನ್. ಆ ‘ಮುಂದಿನ ಒಂದು ಪಿಕ್’ ಕೊನೆಗೆ ಆಗಿದ್ದು ಕಿಂಗ್ಸ್‌ನದೇ 2019ರ ಮೊದಲ ಸುತ್ತು, 14ನೇ ನಂಬರ್. ಅದೂ ಬಾಸ್ಟನ್ ಪಾಲಾಯಿತು.

ಇಲ್ಲಿ ನಾಗಪಾಡಾ ಕೋರ್ಟಿನಲ್ಲಿ ಶೂ ಹಾಕಲು ಬಾರದ ಹುಡುಗನಿಗೂ ಗೊತ್ತು, ಸೋಲುತ್ತಿರುವ ಟೀಮ್ ತನ್ನ ಮುಂದಿನ ಪಿಕ್‌ಗಳನ್ನು ಕೊಡಬಾರದು ಅಂತ. ಸೋತಿದ್ದಕ್ಕೆ ಸಿಗುವುದು ಅದೊಂದೇ ಸಮಾಧಾನ.

ಡೊಂಬಿವಲಿ_ಸ್ಲೋ:

ಒಂದು ತಕರಾರು. 3 ಕೈಯಲ್ಲೇ ಇದ್ದಿದ್ದರೆ ಟೇಟಮ್‌ನನ್ನು ತೆಗೆಯುತ್ತಿದ್ದರು ಅಂತ ಏನು ಖಾತ್ರಿ? ನನಗೆ ಕೇಳಿದರೆ ಮೂರರಲ್ಲೂ ಫಾಕ್ಸ್‌ನನ್ನೇ ತೆಗೆಯುತ್ತಿದ್ದರು. ಫಾಕ್ಸ್ ಕೆಟ್ಟವನೂ ಅಲ್ಲ, 2023ರಲ್ಲಿ ಆ 16 ವರ್ಷದ ಬರ ಮುರಿದವರಲ್ಲಿ ಅವನೇ ಮುಂದೆ ಇದ್ದ.

ನಾಗಪಾಡಾ_ನೋಲುಕ್:

ಸರಿ, ಫಾಕ್ಸ್‌ನನ್ನೇ ತೆಗೆಯಲಿ. ಆದರೆ ಮೂರು ಕೈಯಲ್ಲಿದ್ದರೆ ಐದಕ್ಕೆ ಇಳಿಯಲು ಯಾರಿಂದಲಾದರೂ ಏನಾದರೂ ವಸೂಲಿ ಮಾಡಬಹುದಿತ್ತು. ಪುಕ್ಕಟೆ ಇಳಿದರಲ್ಲ!

ಗೋರೆಗಾಂವ್_ಹಳಬ:

ನಿಮ್ಮ ಜಗಳ ಓದಿ ನಗು ಬಂತು. ಎಲ್ಲರೂ 2012ರಿಂದ ಈಚೆಗೆ ಮಾತಾಡುತ್ತಿದ್ದೀರಿ. ಕಿಂಗ್ಸ್‌ನವರು ಸ್ಯಾಕ್ರಮೆಂಟೊಗೆ ಬಂದದ್ದು 1985ರಲ್ಲಿ. ಬಂದು ನಾಲ್ಕು ವರ್ಷಕ್ಕೆ ಡ್ರಾಫ್ಟ್‌ನ ಮೊದಲ ಪಿಕ್ ಸಿಕ್ಕಿತು. 1989. ಇಡೀ ಪಟ್ಟಿಯಲ್ಲಿ ಯಾರು ಬೇಕಾದರೂ ಸಿಗುತ್ತಿದ್ದರು. ತೆಗೆದದ್ದು ಪರ್ವಿಸ್ ಎಲಿಸನ್.

ಕಾಲೇಜಿನಲ್ಲಿ ದೊಡ್ಡ ಹೆಸರು. ಲೂಯಿವಿಲ್‌ನಲ್ಲಿ ಮೊದಲ ವರ್ಷವೇ, 1986ರಲ್ಲಿ, ಟೀಮ್ ಚಾಂಪಿಯನ್ ಆಯಿತು, ಫೈನಲ್ ಫೋರ್‌ನ (ಕಾಲೇಜು ಟೂರ್ನಿಯ ಕೊನೆಯ ನಾಲ್ಕು ಟೀಮ್‌ಗಳ ಹಂತ) ಶ್ರೇಷ್ಠ ಆಟಗಾರ ಅವನೇ. ಒತ್ತಡಕ್ಕೆ ಬೆದರದವನು ಅಂತ ಅಡ್ಡಹೆಸರೂ ಇತ್ತು. ಕಿಂಗ್ಸ್‌ಗೆ ಬಂದ ಮೇಲೆ ಮೈ ಸರಿ ಇರಲಿಲ್ಲ, ಮೊದಲ ವರ್ಷ 34 ಮ್ಯಾಚ್ ಮಾತ್ರ. ಜೊತೆ ಆಟಗಾರ ಡ್ಯಾನಿ ಐಂಜ್ ಅವನಿಗೆ ‘ಔಟ್ ಆಫ್ ಸರ್ವಿಸ್ ಪರ್ವಿಸ್’ ಅಂತ ಹೆಸರಿಟ್ಟ. ನಮ್ಮ ಮುಂಬೈಯ ‘ಬೆಸ್ಟ್’ ಸಿಟಿ ಬಸ್ಸಿನ ಬೋರ್ಡು ನೆನಪಾಗುತ್ತದೆ. ಒಂದೇ ವರ್ಷಕ್ಕೆ ವಾಷಿಂಗ್ಟನ್‌ಗೆ ಕಳಿಸಿದರು. ಅಲ್ಲಿ 1991-92ರಲ್ಲಿ ಅವನು ಮ್ಯಾಚಿಗೆ 20 ಪಾಯಿಂಟ್ ಹೊಡೆದು, ಅತಿ ಹೆಚ್ಚು ಸುಧಾರಿಸಿದ ಆಟಗಾರ ಅಂತ ಪ್ರಶಸ್ತಿ ಪಡೆದ. ಅಂದರೆ ಆರಿಸುವಾಗಲೂ ತಪ್ಪು, ಬಿಡುವಾಗಲೂ ತಪ್ಪು. ಇಂಥ ಡಬಲ್ ಬೇರೆ ಯಾರು ಮಾಡಿದ್ದಾರೆ ಹೇಳಿ.

ಅದೇ ಡ್ರಾಫ್ಟ್‌ನಲ್ಲಿ 4ರಲ್ಲಿ ಗ್ಲೆನ್ ರೈಸ್ ಹೋದ, 14ರಲ್ಲಿ ಟಿಮ್ ಹಾರ್ಡವೇ, 17ರಲ್ಲಿ ಶಾನ್ ಕೆಂಪ್. 26ರಲ್ಲಿ ಲೇಕರ್ಸ್‌ನವರು ಯುಗೊಸ್ಲಾವಿಯಾದ ಒಬ್ಬ ಗಡ್ಡದ ಸೆಂಟರ್‌ನನ್ನು ತೆಗೆದರು. ಹೆಸರು ವ್ಲಾಡೆ ಡಿವಾಚ್. ಯುರೋಪಿನ ಹುಡುಗನನ್ನು ಬಿಟ್ಟು ಕಾಲೇಜಿನ ಬಿಗ್ ಮ್ಯಾನ್ ಹಿಂದೆ ಓಡುವ ಚಾಳಿ ಈ ಟೀಮಿಗೆ ಆಗಲೇ ಇತ್ತು, ಆಗ ಬಿಟ್ಟ ಹುಡುಗನನ್ನೇ ಮುಂದೆ ಮ್ಯಾನೇಜರ್ ಮಾಡಿ ಅವನ ಕೈಯಿಂದಲೇ ಅದೇ ಕೆಲಸ ಮಾಡಿಸಿದರು.

ವಡಾಲಾ_ಬೆಂಚ್:

ಗೋರೆಗಾಂವ್ ಮಾಮ, ಇದು ನಮ್ಮ ಗುಂಪಿನಲ್ಲಿ ಯಾರಿಗೂ ಹೊಳೆದಿರಲಿಲ್ಲ. ಆದರೆ 1989ರ ಟಾಪ್ ಮೂರರಲ್ಲಿ ಸೂಪರ್‌ಸ್ಟಾರ್ ಅನ್ನುವಂಥವರು ಯಾರೂ ಇರಲಿಲ್ಲ ಅಲ್ವಾ? ಎರಡರಲ್ಲಿ ಡ್ಯಾನಿ ಫೆರ್ರಿ, ಮೂರರಲ್ಲಿ ಶಾನ್ ಎಲಿಯಟ್. ಪಕ್ಕದ ಅಂಗಡಿಯಲ್ಲೂ ಅಂಥ ಸರಕು ಇರಲಿಲ್ಲ. ಲಿಲ್ಲಾರ್ಡ್ ವಿಷಯದಲ್ಲಿ ಒಂದೇ ಒಂದು ನಂಬರ್ ವ್ಯತ್ಯಾಸ. ನಾನು 2012 ಬಿಡುವುದಿಲ್ಲ.

ಠಾಣೆ_ತ್ರೀಪಾಯಿಂಟ್:

2012ರಲ್ಲಿ ಕಿಂಗ್ಸ್‌ನಲ್ಲಿ ಲಿಲ್ಲಾರ್ಡ್ ಥರದ ಗಾರ್ಡ್‌ಗಳು (ಚೆಂಡು ನಡೆಸುವವರು) ಎಷ್ಟು ಜನ ಇದ್ದರು ಅಂತ ನೆನಪಿದೆಯಾ ಬೆಂಚ್ ಸಾಹೇಬರೆ? ಟೈರೀಕ್ ಇವಾನ್ಸ್, ಮಾರ್ಕಸ್ ಥಾರ್ನ್‌ಟನ್, ಜಿಮ್ಮರ್ ಫ್ರೆಡೆಟ್, ಐಸಾಯಾ ಥಾಮಸ್. ಐದನೆಯವನಾಗಿ ಲಿಲ್ಲಾರ್ಡ್ ಬಂದಿದ್ದರೆ ಎಲ್ಲಿ ಕೂರಿಸುತ್ತಿದ್ದರು? ಟೀಮ್ ಆಗ ಮಾಲೂಫ್ ಕುಟುಂಬದ ಕೈಯಲ್ಲಿತ್ತು, ದುಡ್ಡಿಗೆ ತತ್ವಾರ, ಒಂದು ವರ್ಷ ಅನಾಹೈಮ್‌ಗೆ ಹೋಗುತ್ತೇವೆ ಅನ್ನುವುದು, ಇನ್ನೊಂದು ವರ್ಷ ಸಿಯಾಟಲ್‌ಗೆ. ಮನೆ ಖಾಲಿ ಮಾಡುವವರು ಗೋಡೆಗೆ ಬಣ್ಣ ಹೊಡೆಸುತ್ತಾರಾ?

ನನ್ನ ಪ್ರಕಾರ 2011 ಇನ್ನೂ ಕೆಟ್ಟದ್ದು, ಯಾಕೆಂದರೆ ಅದರಲ್ಲಿ ಕೈಯಾರೆ ಮಾಡಿಕೊಂಡದ್ದು ಜಾಸ್ತಿ. 7ನೇ ಪಿಕ್ ಇತ್ತು. ಮೂರು ಟೀಮಿನ ಟ್ರೇಡ್ ಮಾಡಿ 10ಕ್ಕೆ ಇಳಿದರು, ಜಾನ್ ಸಾಮನ್ಸ್‌ನನ್ನು ಸಂಬಳದ ಸಮೇತ ತಂದರು, 10ರಲ್ಲಿ ಜಿಮ್ಮರ್. ಕಾಲೇಜಿನಲ್ಲಿ ಆ ವರ್ಷ ದೇಶಕ್ಕೇ ಟಾಪ್ ಸ್ಕೋರರ್, ಮ್ಯಾಚಿಗೆ 28.9. ಟಿಕೆಟ್ ಮಾರಾಟಕ್ಕೆ ಒಳ್ಳೆ ಹೆಸರು. 11ರಲ್ಲಿ ಕ್ಲೇ ಥಾಂಪ್ಸನ್, 15ರಲ್ಲಿ ಕವಾಯ್ ಲೆನರ್ಡ್, ಇಬ್ಬರೂ ಮುಂದೆ ಸ್ಟಾರ್‌ಗಳು.

ಮಜಾ ಇರುವುದು ಕೊನೆಯಲ್ಲಿ. ಅದೇ ಡ್ರಾಫ್ಟ್‌ನ 60ನೇ ಪಿಕ್, ಕಟ್ಟಕಡೆಯದು, ಕಿಂಗ್ಸ್‌ನದೇ. ಅದರಲ್ಲಿ ಐಸಾಯಾ ಥಾಮಸ್ ಸಿಕ್ಕ. ಐದೂ ಮುಕ್ಕಾಲು ಅಡಿಯ ಹುಡುಗ. ಮೂರನೇ ವರ್ಷಕ್ಕೆ ಮ್ಯಾಚಿಗೆ 20 ಪಾಯಿಂಟ್ ಹೊಡೆಯುತ್ತಿದ್ದ. 2014ರಲ್ಲಿ ಅವನನ್ನು ಫೀನಿಕ್ಸ್‌ಗೆ ಬಿಟ್ಟುಕೊಟ್ಟರು. 2016-17ರಲ್ಲಿ ಬಾಸ್ಟನ್ ಪರ ಅವನ ಸರಾಸರಿ 28.9! ಜಿಮ್ಮರ್ ಕಾಲೇಜಿನಲ್ಲಿ ಹೊಡೆದ ಅದೇ ನಂಬರನ್ನು ಇವನು ಎನ್‌ಬಿಎಯಲ್ಲಿ ಹೊಡೆದ. ಹತ್ತರಲ್ಲಿ ಹುಡುಕಿದ್ದು ಅರವತ್ತರಲ್ಲಿ ಸಿಕ್ಕಿತ್ತು, ಅದನ್ನೂ ಇಟ್ಟುಕೊಳ್ಳಲಿಲ್ಲ.

ಅಂದ ಹಾಗೆ 2009ರಲ್ಲಿ ಇವಾನ್ಸ್‌ನನ್ನು ತೆಗೆದು ಸ್ಟೆಫ್ ಕರಿಯನ್ನು ಬಿಟ್ಟರು ಅಂತ ಯಾರೂ ಶುರು ಮಾಡಬೇಡಿ. ಇವಾನ್ಸ್ ಆ ವರ್ಷ ಕರಿಯನ್ನು ಹಿಂದೆ ಹಾಕಿ ರೂಕಿ ಆಫ್ ದಿ ಇಯರ್ ಆದ. ಮೊದಲ ವರ್ಷ 20 ಪಾಯಿಂಟ್, 5 ರೀಬೌಂಡ್, 5 ಅಸಿಸ್ಟ್ (ಬುಟ್ಟಿಗೆ ದಾರಿ ಮಾಡುವ ಪಾಸ್) ಅಂದರೆ ಅವನಿಗಿಂತ ಮುಂಚೆ ಆಸ್ಕರ್ ರಾಬರ್ಟ್‌ಸನ್, ಜೋರ್ಡನ್, ಲೆಬ್ರಾನ್ ಮಾತ್ರ. ಅದನ್ನು ಕೆಟ್ಟ ಆಯ್ಕೆ ಅನ್ನುವವರಿಗೆ ಕಣ್ಣಿನ ಡಾಕ್ಟರ್ ವಿಳಾಸ ಕೊಡುತ್ತೇನೆ.

ಮುಲುಂಡ್_ಜಂಪ್‌ಬಾಲ್:

ನಾನು ಎರಡನೇ ದಿನ ವರ್ಲಿಗೆ ಹೋಗಿದ್ದೆ, ಮೊದಲ ದಿನದ್ದು ಟಿವಿಯಲ್ಲಿ ನೋಡಿದ್ದು, ಅವತ್ತು ಡೋಮ್ ತುಂಬ ಶಾಲೆ ಮಕ್ಕಳು. ಆ ಎರಡು ಮ್ಯಾಚನ್ನೇ ಇಟ್ಟುಕೊಂಡು ಒಂದು ವಿಷಯ ಹೇಳುತ್ತೇನೆ. ಎದುರಾಳಿ ಇಂಡಿಯಾನಾ ಪೇಸರ್ಸ್. ಮೊದಲ ದಿನ ಓವರ್‌ಟೈಮ್‌ಗೆ ಹೋಗಿ 132-131. ಎರಡನೇ ದಿನ 130-106. ಎರಡೂ ಪೇಸರ್ಸ್‌ಗೆ.

ಈಗ ಆ ಪೇಸರ್ಸ್ ಟೀಮ್ ಬಿಚ್ಚಿ ನೋಡಿ. ಮೊದಲ ದಿನ 30 ಪಾಯಿಂಟ್ ಹೊಡೆದವನು ಟಿ. ಜೆ. ವಾರನ್. 2014ರ ಡ್ರಾಫ್ಟ್, 14ನೇ ಪಿಕ್. ಕಿಂಗ್ಸ್ ಆ ವರ್ಷ 8ರಲ್ಲಿ ಸ್ಟೌಸ್ಕಸ್. ಸೆಂಟರ್ ಮೈಲ್ಸ್ ಟರ್ನರ್, 2015ರಲ್ಲಿ 11ನೇ ಪಿಕ್. ಕಿಂಗ್ಸ್ ಆ ವರ್ಷ 6ರಲ್ಲಿ ವಿಲ್ಲಿ ಕಾಲಿ-ಸ್ಟೀನ್, ಮುಂಬೈಗೆ ಬರುವಷ್ಟರಲ್ಲಿ ಅವನು ಟೀಮಿನಲ್ಲೇ ಇರಲಿಲ್ಲ. ಆಮೇಲೆ ಡೊಮಾಂಟಸ್ ಸಬೋನಿಸ್, 2016ರಲ್ಲಿ 11ನೇ ಪಿಕ್. ಕಿಂಗ್ಸ್ ಕೈಯಲ್ಲಿ ಆ ವರ್ಷ 8 ಇತ್ತು, ಅದನ್ನು ಫೀನಿಕ್ಸ್‌ಗೆ ಕೊಟ್ಟು 13ಕ್ಕೆ ಇಳಿದು ಪಾಪಯಾನಿಸ್ ಅನ್ನುವ ಗ್ರೀಸ್‌ನ ಹುಡುಗನನ್ನು ತೆಗೆದರು. ಒಂದೂವರೆ ವರ್ಷದಲ್ಲಿ ಅವನನ್ನು ಕೈಬಿಟ್ಟರು. ಆ ರಾತ್ರಿ ಟೀಮಿನ ಸ್ಟಾರ್ ಡಿಮಾರ್ಕಸ್ ಕಸಿನ್ಸ್, ದೇವರೇ ನನಗೆ ಶಕ್ತಿ ಕೊಡು ಅಂತ ಟ್ವೀಟ್ ಮಾಡಿದ್ದ. ಕೇಳಿದರೆ ಯೋಗಾಭ್ಯಾಸದ ಬಗ್ಗೆ ಹೇಳಿದ್ದು ಅಂದ, ಯೋಗ ಹುಟ್ಟಿದ ದೇಶದವರು ನಾವು, ನಂಬೋಣ.

ಅಂದರೆ ಮೂರು ವರ್ಷ ಸತತವಾಗಿ ಕಿಂಗ್ಸ್ ಬಿಟ್ಟ ಮೂವರು ಒಂದೇ ಬಣ್ಣದ ಜೆರ್ಸಿ ಹಾಕಿ, ಮಾಲೀಕರ ಹುಟ್ಟೂರಿಗೇ ಬಂದು ಕಿಂಗ್ಸ್‌ಗೆ ಹೊಡೆದು ಹೋದರು. ಒಂದು ಕೆಟ್ಟ ಆಯ್ಕೆ ಅಂತ ಹುಡುಕುವುದೇ ದಂಡ. ಲೂಕಾ ಒಬ್ಬನನ್ನೇ ಹಿಡಿದು ಅತ್ತರೆ ಈ ಸಣ್ಣ ಸಣ್ಣ ಸೋರಿಕೆ ಕಾಣುವುದಿಲ್ಲ. ಟರ್ನರ್, ವಾರನ್ ಯಾರೂ ಲೂಕಾ ಅಲ್ಲ. ಆದರೆ ಟೀಮ್ ನಿಲ್ಲುವುದು ಅಂಥವರ ಮೇಲೇ.

ಇದರ ಮುಂದಿನ ಭಾಗ ಇನ್ನೂ ಚೆನ್ನಾಗಿದೆ. ಬಿಟ್ಟವರನ್ನೆಲ್ಲ ಕಿಂಗ್ಸ್ ಆಮೇಲೆ ಕೊಂಡು ತರುತ್ತದೆ. ಸಬೋನಿಸ್ 2022ರಲ್ಲಿ ಬಂದ. 2009ರಲ್ಲಿ ಬಿಟ್ಟ ಡಿಮಾರ್ ಡಿರೋಜನ್ 2024ರಲ್ಲಿ ಬಂದ, ಆಗ ಅವನಿಗೆ ಸುಮಾರು 35. 2014ರಲ್ಲಿ ಸ್ಟೌಸ್ಕಸ್‌ಗಾಗಿ ಬಿಟ್ಟ ಜಾಕ್ ಲವೀನ್ 2025ರಲ್ಲಿ ಬಂದ, ವರ್ಷಕ್ಕೆ ನಾಲ್ಕು ಕೋಟಿ ಡಾಲರ್‌ಗಿಂತ ಜಾಸ್ತಿ ಸಂಬಳದೊಂದಿಗೆ, ಅದೇ ಟ್ರೇಡ್‌ನಲ್ಲಿ ಫಾಕ್ಸ್ ಹೊರಗೆ. ಬೆಳಿಗ್ಗೆ ಸಸೂನ್ ಡಾಕ್‌ನಲ್ಲಿ ಬೇಡ ಅಂದ ಮಾಂಜಿ ಮೀನನ್ನೇ ರಾತ್ರಿ ಹೋಟೆಲಿನಲ್ಲಿ ನಾಲ್ಕು ಪಟ್ಟು ಕೊಟ್ಟು ತಿನ್ನುವುದು ಅಂದರೆ ಇದೇ.

ಡೊಂಬಿವಲಿ_ಸ್ಲೋ:

ಈ ಲೆಕ್ಕದಲ್ಲಿ ಲೂಕಾ 2034ರಲ್ಲಿ ಬರುತ್ತಾನೆ. 35 ವರ್ಷ, ಎರಡೂ ಮೊಣಕಾಲಿಗೆ ಪಟ್ಟಿ, ದೊಡ್ಡ ಕಾಂಟ್ರಾಕ್ಟ್. ಆಗಲೂ ನಾನು ಜೆರ್ಸಿ ಕೊಳ್ಳುತ್ತೇನೆ, ಅದೇ ದುಃಖ.

ಕೊಥ್ರೂಡ್_ಸಿಕ್ಸ್ತ್‌ಮ್ಯಾನ್:

ಮುಲುಂಡ್‌ನವರ ಪಟ್ಟಿ ಒಪ್ಪಿದೆ, ವಾದ ಅರ್ಧ ಮಾತ್ರ ಒಪ್ಪಿದೆ. ವಾರನ್ ಆಗಲಿ ಟರ್ನರ್ ಆಗಲಿ ಆಗಿನ ಕಿಂಗ್ಸ್‌ಗೆ ಬಂದಿದ್ದರೆ ಮೂರು ಕೋಚ್‌ಗಳ ಕೈಯಲ್ಲಿ ಸಿಕ್ಕಿ ಅವರೂ ಸ್ಟೌಸ್ಕಸ್ ಆಗುತ್ತಿದ್ದರು. ಬ್ಯಾಗ್ಲಿಯನ್ನು ಕೊನೆಗೆ 2022ರ ಫೆಬ್ರವರಿಯಲ್ಲಿ ಡೆಟ್ರಾಯಿಟ್‌ಗೆ ಕಳಿಸಿ ಡಾಂಟೆ ಡಿವಿನ್ಚೆಂಜೊನನ್ನು ತಂದರಲ್ಲ, ಅದೂ ನೋಡಿ. ಆ ಬೇಸಿಗೆಯಲ್ಲಿ ಅವನಿಗೆ ಆಫರ್ ಕೊಡದೆ ಬಿಟ್ಟರು. ಅವನು ಗೋಲ್ಡನ್ ಸ್ಟೇಟ್‌ಗೆ ಹೋದ. 2023ರಲ್ಲಿ ಅಷ್ಟು ವರ್ಷದ ಮೇಲೆ ಪ್ಲೇಆಫ್‌ಗೆ ಬಂದ ಕಿಂಗ್ಸ್‌ನವರನ್ನು ಮೊದಲ ಸುತ್ತಿನಲ್ಲಿ ಏಳು ಮ್ಯಾಚಿಗೆ ಸೋಲಿಸಿದವರು ಯಾರು? ಅದೇ ಗೋಲ್ಡನ್ ಸ್ಟೇಟ್, ಏಳನೇ ಮ್ಯಾಚಿನಲ್ಲಿ ಕರಿಯ 50 ಪಾಯಿಂಟ್, ಆ ಟೀಮಿನಲ್ಲಿ ಡಿವಿನ್ಚೆಂಜೊ. ಎರಡನೇ ಪಿಕ್ಕು ಹೀಗೆ ಎದುರಾಳಿ ಬೆಂಚಿನಲ್ಲಿ ಹೋಗಿ ಕೂತಿತು. ಇದನ್ನು ಡ್ರಾಫ್ಟ್ ತಪ್ಪು ಅಂತ ಹೇಗೆ ಬರೆಯುತ್ತೀರಿ?

ಗೋರೆಗಾಂವ್_ಹಳಬ:

ತಪ್ಪು ಯಾರದೇ ಇರಲಿ, ಎಲಿಸನ್‌ಗೆ ಇನ್ನೊಂದು ವೋಟೂ ಬಿದ್ದಿಲ್ಲ. ಹಳಬರಿಗೆ ಇಲ್ಲೂ ಸೀಟಿಲ್ಲ.

ಠಾಣೆ_ತ್ರೀಪಾಯಿಂಟ್:

ಮಾಮ, ನನ್ನ ಎರಡನೇ ವೋಟು ನಿಮಗೇ. ಬೆಂಚ್ ಸಾಹೇಬರೆ, 2020ರ ಬಗ್ಗೆ ಯಾಕೆ ಯಾರೂ ಮಾತಾಡುತ್ತಿಲ್ಲ? 12ರಲ್ಲಿ ಟೈರೀಸ್ ಹ್ಯಾಲಿಬರ್ಟನ್ ಸಿಕ್ಕಿದ್ದು ಈ ಟೀಮಿನ ಅತ್ಯುತ್ತಮ ಪಿಕ್‌ಗಳಲ್ಲಿ ಒಂದು. ಒಂದೂವರೆ ವರ್ಷದಲ್ಲಿ ಅವನನ್ನು ಕೊಟ್ಟೇ ಅಲ್ವಾ ಸಬೋನಿಸ್ ಬಂದದ್ದು? ಅವನು ಪೇಸರ್ಸ್‌ನವರನ್ನು 2025ರಲ್ಲಿ ಫೈನಲ್ ಏಳನೇ ಮ್ಯಾಚ್‌ವರೆಗೆ ಎಳೆದುಕೊಂಡು ಹೋದ.

ಮುಲುಂಡ್_ಜಂಪ್‌ಬಾಲ್:

ಅಲ್ಲಿಗೆ ಹೋಗಬೇಡಿ. ಸಬೋನಿಸ್ ಬರದಿದ್ದರೆ 2023ರ ಪ್ಲೇಆಫ್ ಇರುತ್ತಿರಲಿಲ್ಲ, ಆ ಟ್ರೇಡ್ ಇಬ್ಬರಿಗೂ ಲಾಭ.

ನಾಗಪಾಡಾ_ನೋಲುಕ್:

ಇಬ್ಬರಿಗೂ ಲಾಭವಾ? ಒಬ್ಬರಿಗೆ ಫೈನಲ್, ಇನ್ನೊಬ್ಬರಿಗೆ ಮೊದಲ ಸುತ್ತು.

ವಡಾಲಾ_ಬೆಂಚ್:

ಹ್ಯಾಲಿಬರ್ಟನ್‌ಗೆ ಬೇರೆ ಥ್ರೆಡ್ ತೆಗೆಯಿರಿ, ಕೈಮುಗಿಯುತ್ತೇನೆ. ಇಲ್ಲಿ ಶುರುವಾದರೆ ನಾಳೆ ಎಲ್ಲರೂ ರಜೆ ಹಾಕಬೇಕಾಗುತ್ತದೆ. ಈ ಭಾನುವಾರ ಮಳೆ ಇಲ್ಲದಿದ್ದರೆ ಬೆಳಿಗ್ಗೆ ಏಳಕ್ಕೆ ಆಡುತ್ತೇವೆ, ನಮಗೆ ಇಬ್ಬರು ಕಡಿಮೆ ಇದ್ದಾರೆ. ಠಾಣೆ, ಮುಲುಂಡ್, ಬರುವುದಾದರೆ ಮೆಸೇಜ್ ಮಾಡಿ. ಕೊಥ್ರೂಡ್ ಅಣ್ಣ ಪುಣೆಯಿಂದ ಬಂದರೆ ಅವರ ಇಡ್ಲಿ ಖರ್ಚು ನಾಗಪಾಡಾದವರದು.